ಎಡಗಣ್ಣಿನ ಪಿಂಚಣಿ

ಪೀಣ್ಯದ ಒಂದು ಗೇರ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ರಾಮಯ್ಯ ಎಂಬ ಗುಮಾಸ್ತರಿದ್ದರು. ಮಷೀನುಗಳ ಗದ್ದಲ, ಎಣ್ಣೆಯ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ. ಹೀಗಾಗಿ 1984ರ ಫೆಬ್ರವರಿಯ ಒಂದು ಸೋಮವಾರ ಅವರು ಕಾಗದದ ಕಟ್ಟು ಹಿಡಿದುಕೊಂಡು ಮಷೀನ್ ಶಾಪಿನೊಳಕ್ಕೇ ಬಂದಾಗ ಎಲ್ಲರೂ ಕೈಕೆಲಸ ನಿಲ್ಲಿಸಿ ಅವರತ್ತ ನೋಡಿದರು.

“ಇನ್‌ಕಂ ಟ್ಯಾಕ್ಸ್ ಫಾರಂ ಕಣ್ರಪ್ಪಾ,” ಎಂದು ರಾಮಯ್ಯ ಗದ್ದಲದ ಮೇಲೆ ದನಿ ಏರಿಸಿ ಹೇಳಿದರು. “ಈ ಸಲ ಮೂರು ವರ್ಷದ ಸಂಬಳದ ಅರಿಯರ್ಸ್ ಒಟ್ಟಿಗೆ ಬಂತಲ್ಲ, ನಿಮ್ಮಲ್ಲಿ ಸುಮಾರು ಜನ ಲಿಮಿಟ್ ದಾಟಿದ್ದೀರಾ. ಮಾರ್ಚ್ ಸಂಬಳದಲ್ಲಿ ತೆರಿಗೆ ಹಿಡ್ಕೋಬೇಕು ನಾನು. ಮುಂದಿನ ಸೋಮವಾರದೊಳಗೆ ತುಂಬಿ, ಸೈನ್ ಹಾಕಿ ಕೊಡಿ.”

ಕ್ರೇನ್ ನಡೆಸುವ ಸೊಣ್ಣಪ್ಪನೂ ಒಂದು ಫಾರಂ ತೆಗೆದುಕೊಂಡ. ಇಂಗ್ಲಿಷ್ ಸಾಲುಗಳ ಕೆಳಗೆ ಕನ್ನಡದಲ್ಲೂ ಟೈಪ್ ಮಾಡಿಸಿದ್ದರು. ಹೆಸರು, ಟಿಕೆಟ್ ನಂಬರು, ಇನ್ಶೂರೆನ್ಸ್, ಪ್ರಾವಿಡೆಂಟ್ ಫಂಡ್. ಇವೆಲ್ಲ ಸರಿ. ಐದನೆಯ ಸಾಲಿಗೆ ಬಂದಾಗ ಅವನ ಬೆರಳು ಅಲ್ಲೇ ನಿಂತಿತು. ‘ಸಂಬಳವಲ್ಲದೆ ಬೇರೆ ಎಲ್ಲಿಂದಾದರೂ ಬರುವ ಹಣ’ ಎಂದಿತ್ತು ಅಲ್ಲಿ. ಅಡಿಯಲ್ಲಿ, ಸಹಿ ಹಾಕುವ ಜಾಗದ ಪಕ್ಕ: ‘ಮೇಲೆ ಬರೆದಿರುವುದು ಸತ್ಯ. ಸುಳ್ಳೆಂದು ಕಂಡುಬಂದಲ್ಲಿ ಕಾನೂನಿನ ಪ್ರಕಾರ ಶಿಕ್ಷೆಗೆ ಗುರಿಯಾಗುತ್ತೇನೆ.’

“ನಮ್ಮನೆ ಎಮ್ಮೆ ಆಲಿನ್ ದುಡ್ಡೂ ಬರೀಬೇಕಾ ಸಾ?” ಎಂದು ನಲ್ಲಪ್ಪ ಕೂಗಿದ. ನಾಗಸಂದ್ರದ ನಲ್ಲಪ್ಪ ಸೊಣ್ಣಪ್ಪನ ಜೊತೆಗಾರ. ಎತ್ತಬೇಕಾದ ಎರಕದ ಪೆಟ್ಟಿಗೆಗೆ ನಲ್ಲಪ್ಪ ಸರಪಳಿ ಕಟ್ಟುತ್ತಿದ್ದ, ಸೊಣ್ಣಪ್ಪ ನೆಲದ ಮೇಲೆ ನಿಂತೇ, ಕ್ರೇನಿನಿಂದ ತೂಗುಬಿಟ್ಟ ಸ್ವಿಚ್ಚಿನ ಗುಂಡಿ ಒತ್ತಿ ಅದನ್ನು ಏರಿಸುತ್ತಿದ್ದ. ನಲ್ಲಪ್ಪನ ಮಾತಿಗೆ ಎಲ್ಲರೂ ನಕ್ಕರು. ಸೊಣ್ಣಪ್ಪನೂ ನಕ್ಕ, ಆದರೆ ಫಾರಂ ಅನ್ನು ಯಾರಿಗೂ ಕಾಣದಂತೆ ಮಡಿಸಿ ಜೇಬಿಗಿಟ್ಟುಕೊಂಡ.

ಯಾಕೆಂದರೆ ಸೊಣ್ಣಪ್ಪನಿಗೆ ಸಂಬಳವಲ್ಲದೆ ಬೇರೆ ಹಣ ಬರುತ್ತಿತ್ತು. ಆ ಹಣ ಯಾಕೆ ಬರುತ್ತದೆ ಎಂಬುದು ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಅವನು ಒಂದು ಸಣ್ಣ ಶೆಡ್ಡಿನಲ್ಲಿ ಸಾಣೆಚಕ್ರದ ಮುಂದೆ ಕೆಲಸ ಮಾಡುತ್ತಿದ್ದ. ಒಂದು ಬೆಳಿಗ್ಗೆ ಚಕ್ರ ಸಿಡಿದು, ಕಡಲೆಕಾಳಿನಷ್ಟು ಚೂರು ಎಡಗಣ್ಣಿಗೆ ಹೊಡೆಯಿತು. ಕಾರ್ಮಿಕ ವಿಮೆಯ ಇ.ಎಸ್.ಐ. ಆಸ್ಪತ್ರೆಯ ಡಾಕ್ಟರು ಗುಡ್ಡೆಯನ್ನೇನೋ ಉಳಿಸಿದರು, ದೃಷ್ಟಿ ಉಳಿಯಲಿಲ್ಲ. ಗಾಯ ಮಾಗಿದ ಮೇಲೆ ಎದುರಿಗೆ ನಿಂತು ನೋಡುವವರಿಗೆ ಎರಡೂ ಕಣ್ಣು ಒಂದೇ ಥರ ಕಾಣುತ್ತಿದ್ದವು. ಮೆಡಿಕಲ್ ಬೋರ್ಡು ಅವನನ್ನು ಕೂರಿಸಿ, ನಿಲ್ಲಿಸಿ, ದೀಪ ಹಿಡಿದು ನೋಡಿ, ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಪಾಲು ಹೋಗಿದೆ ಎಂದು ಬರೆಯಿತು. ಅಂದಿನಿಂದ ತಿಂಗಳಿಗೆ ಎಪ್ಪತ್ತೆರಡು ರೂಪಾಯಿ ಚಿಲ್ಲರೆ ಪಿಂಚಣಿ, ಬದುಕಿರುವ ತನಕ.

ಆ ಶೆಡ್ಡು ಮುಚ್ಚಿತು. ದೊಡ್ಡಬಿದರಕಲ್ಲಿನ ಮನೆಯಲ್ಲಿ ಎರಡು ವರ್ಷ ಸೊಣ್ಣಪ್ಪ ಸುಮ್ಮನೆ ಕೂತ. ಒಂಟಿಗಣ್ಣನೆಂದು ಹೇಳಿದ ಕಡೆಯಲ್ಲೆಲ್ಲ ‘ಆಮೇಲೆ ಹೇಳಿ ಕಳಿಸ್ತೀವಿ’ ಎಂದರು, ಯಾರೂ ಹೇಳಿ ಕಳಿಸಲಿಲ್ಲ. ಗೇರ್ ಕಾರ್ಖಾನೆಗೆ ಅರ್ಜಿ ಹಾಕಿದಾಗ ಅವನು ಬಾಯಿ ಬಿಡಲಿಲ್ಲ. ಕಣ್ಣಿನ ಪರೀಕ್ಷೆಯ ದಿನ, ಮುಂದಿನವರು ಓದುತ್ತಿದ್ದಾಗ ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಿನಿಂದ ನೋಡಿ ಬಾಯಿಪಾಠ ಮಾಡಿಕೊಂಡ. ಬಲಗಣ್ಣು ಮುಚ್ಚಿ ಓದು ಎಂದಾಗ ಗಿಣಿಯಂತೆ ಒಪ್ಪಿಸಿದ. ಡಾಕ್ಟರು ತಲೆ ಎತ್ತದೆ ‘ಫಿಟ್’ ಎಂದು ಬರೆದರು.

ಅಂದಿನಿಂದ ಆರು ವರ್ಷ ಅವನು ಉಸಿರು ಬಿಗಿಹಿಡಿದುಕೊಂಡೇ ಬದುಕಿದ್ದ. ಕ್ಯಾಂಟೀನಿನಲ್ಲಿ ಬೆಂಚಿನ ಎಡತುದಿಯಲ್ಲೇ ಕೂರುತ್ತಿದ್ದ, ಎಲ್ಲರೂ ತನ್ನ ಬಲಕ್ಕೇ ಇರಲಿ ಎಂದು. ನಡೆಯುವಾಗಲೂ ಹಾಗೆಯೇ. ಲೋಟಕ್ಕೆ ನೀರು ಬಗ್ಗಿಸುವಾಗ ಅಂಚಿಗೆ ಬೆರಳು ತಾಗಿಸಿ ಬಗ್ಗಿಸುತ್ತಿದ್ದ, ಇಲ್ಲದಿದ್ದರೆ ನೀರು ಹೊರಕ್ಕೆ ಬೀಳುತ್ತಿತ್ತು. ಎಡಗಡೆಯಿಂದ ಯಾರಾದರೂ ದಿಢೀರನೆ ಹೆಗಲು ಮುಟ್ಟಿದರೆ ಎದೆ ಧಸಕ್ಕೆನ್ನುತ್ತಿತ್ತು. ಪಿಂಚಣಿಯ ವಿಷಯ ಗೊತ್ತಿದ್ದದ್ದು ಹೆಂಡತಿ ಅಶ್ವತ್ಥಮ್ಮನೊಬ್ಬಳಿಗೆ.

ಆ ಸಂಜೆ ಅವಳು ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಬರೀಬ್ಯಾಡಿ ಬುಡಿ. ಎಪ್ಪತ್ತು ರೂಪಾಯ್ನ ಯಾರು ಉಡುಕ್ಕೊಂಡ್ ಬತ್ತಾರೆ?”

“ಅದೂ ಸರ್ಕಾರುದ್ದೆ, ಇದೂ ಸರ್ಕಾರುದ್ದೆ ಕಣೆ. ಅವರವರೇ ಕಾಗ್ದ ಬರ್ಕೊಂಡ್ರೆ? ಮುಚ್ಚಿಟ್ಟೋನು ಅಂತ ಜೈಲಿಗಾಕ್ತಾರೆ.”

“ಅಂಗಾರೆ ಬರೀರಿ.”

“ಬರುದ್ರೆ ರಾಮಯ್ಯ ಕೇಳ್ತಾರೆ, ಏನಿದು ಪಿಂಚಣಿ ಅಂತ. ಕಣ್ಣು ಅಂತ ಏಳ್ಬೇಕಾಯ್ತದೆ. ಕೆಲ್ಸ ಓಯ್ತದೆ.”

ಅಶ್ವತ್ಥಮ್ಮ ಫಾರಂ ಅನ್ನು ಮಡಿಸಿ ಅಕ್ಕಿಡಬ್ಬದ ಕೆಳಗಿಟ್ಟಳು. ಆಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ. ಆದರೆ ಸೊಣ್ಣಪ್ಪನಿಗೆ ಅನ್ನ ಸೇರುವುದು ನಿಂತಿತು. ಕಾರ್ಖಾನೆಯಲ್ಲಿ ಆ ವಾರವೆಲ್ಲ ತೆರಿಗೆಯದ್ದೇ ಮಾತು. ಯಾವುದೋ ಕಾರ್ಖಾನೆಯವನು ಮನೆ ಬಾಡಿಗೆ ಮುಚ್ಚಿಟ್ಟಿದ್ದನಂತೆ, ಆಫೀಸಿನವರು ಜೀಪಿನಲ್ಲಿ ಬಂದು ಬೀರು ಒಡೆಸಿದರಂತೆ. ಹೇಳಿದವನು ಕಣ್ಣಾರೆ ಕಂಡವನೇನಲ್ಲ. ಆದರೂ ಸೊಣ್ಣಪ್ಪನಿಗೆ ದಾರಿಯಲ್ಲಿ ಹೋಗುವ ಪ್ರತಿ ಜೀಪಿನ ಸದ್ದೂ ತನ್ನ ಮನೆಯ ಕಡೆಗೇ ತಿರುಗುತ್ತಿರುವಂತೆ ಕೇಳಿಸುತ್ತಿತ್ತು. ಇನ್ನೊಂದು ಯೋಚನೆಯೂ ಹುಳದಂತೆ ಕೊರೆಯತೊಡಗಿತು. ದುಡಿಯುವ ಶಕ್ತಿ ಹೋಗಿದೆಯೆಂದು ದುಡ್ಡು ಕೊಡುತ್ತಿದ್ದಾರೆ. ತಾನು ನೋಡಿದರೆ ಓವರ್‌ಟೈಂ ಮಾಡಿ ದುಡಿಯುತ್ತಿದ್ದೇನೆ. ಇದೇ ಒಂದು ಮೋಸವಲ್ಲವೆ? ಆರು ವರ್ಷ ತೆಗೆದುಕೊಂಡದ್ದನ್ನೆಲ್ಲ ವಾಪಸು ಕಕ್ಕು ಎಂದರೆ?

ಶುಕ್ರವಾರ ಅವನು ತೀರ್ಮಾನ ಮಾಡಿದ. ಪಿಂಚಣಿಯೇ ಬೇಡವೆಂದು ಬರೆದುಕೊಟ್ಟುಬಿಡುವುದು. ಆಮೇಲೆ ಫಾರಮ್ಮಿನಲ್ಲಿ ‘ಇಲ್ಲ’ ಎಂದು ಬರೆದರೆ ಸುಳ್ಳಾಗುವುದಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ, ಸೈಕಲ್ ತುಳಿದುಕೊಂಡು ಇ.ಎಸ್.ಐ. ಲೋಕಲ್ ಆಫೀಸಿಗೆ ಹೋದ. ಕಿಟಕಿಯಲ್ಲಿ ಕೂರುತ್ತಿದ್ದ ದಾಸಪ್ಪನವರು ಅವನಿಗೆ ವರ್ಷಗಳಿಂದ ಪರಿಚಯ. ಆರು ತಿಂಗಳಿಗೊಮ್ಮೆ ಅವನು ಬದುಕಿದ್ದಾನೆಂಬ ಸರ್ಟಿಫಿಕೇಟು ತೆಗೆದುಕೊಂಡು ಸೀಲು ಹೊಡೆಯುತ್ತಿದ್ದವರು ಅವರೇ. ಒಳ್ಳೆಯ ಮನುಷ್ಯ, ಆದರೆ ಗಂಟಲು ದೊಡ್ಡದು. ಅವರು ಗುಟ್ಟು ಹೇಳಿದರೂ ಬಾಗಿಲಾಚೆಗೆ ಕೇಳುತ್ತಿತ್ತು.

“ಸಾರ್, ನನ್ ಪಿಂಚಣಿ ನಿಲ್ಸಿಬುಡಿ,” ಎಂದ ಸೊಣ್ಣಪ್ಪ, ಕಿಟಕಿಯ ಸರಳಿಗೆ ಬಾಯಿ ತಾಗಿಸಿ.

“ಏನು? ನಿಲ್ಸೋದಾ? ಯಾಕ್ರೀ?”

ಸೊಣ್ಣಪ್ಪ ತೊದಲುತ್ತ ಫಾರಮ್ಮಿನ ಕತೆ ಹೇಳಿದ. ದಾಸಪ್ಪನವರು ಪೆನ್ನು ಕೆಳಗಿಟ್ಟರು.

“ಎಡಗಣ್ಣು ಅಲ್ವೇನ್ರೀ ನಿಮ್ದು? ಮೂವತ್ತು ಪರ್ಸೆಂಟು?” ಎಂದು ದೊಡ್ಡ ಗಂಟಲಿನಲ್ಲೇ ಕೇಳಿದರು. “ಅದು ಸಂಬಳ ಅಲ್ಲ ಕಣ್ರೀ! ನಿಮ್ ಕಣ್ಣು ಹೋಗಿದ್ದಕ್ಕೆ ಪರಿಹಾರ. ಕಣ್ಣೇನು ನೀವು ವ್ಯಾಪಾರಕ್ಕೆ ಇಟ್ಟಿದ್ದ ಮಾಲಾ, ಅದ್ರ ಮೇಲೆ ಲಾಭ ಅಂತ ಲೆಕ್ಕ ಹಾಕೋಕೆ? ಇನ್ನು ಕೆಲ್ಸ ಮಾಡ್ತಾ ಇದ್ರೆ ಇದು ನಿಲ್ಲುತ್ತೆ ಅಂತ ಯಾರಂದ್ರು? ಗಾಯ ಮಾಗೋ ತನಕ ರಜದಲ್ಲಿದ್ದಾಗ ಕೊಟ್ರಲ್ಲ, ಅದು ಬೇರೆ. ಅದನ್ನ ತಗೊಳ್ಳುವಾಗ ಕೆಲ್ಸ ಮಾಡಂಗಿರ್ಲಿಲ್ಲ. ಇದು ಹಾಗಲ್ಲ. ನೀವು ದುಡೀರಿ, ಬಿಡಿ, ಇದು ಬರ್ತಾನೇ ಇರುತ್ತೆ.”

ಒಂದು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು ಎಂದು ಸೊಣ್ಣಪ್ಪ ಉಸಿರುಬಿಡುವಷ್ಟರಲ್ಲಿ, ಎಡಗಡೆಯಿಂದ, ಒಂದು ಮೊಳದಷ್ಟು ಹತ್ತಿರದಿಂದ, ಯಾರೋ ಮೆಲ್ಲಗೆ ಹೇಳಿದರು:

“ದಾಸಪ್ಪನವರು ಹೇಳೋದು ಸರಿ, ಸೊಣ್ಣಪ್ಪ.”

ಸೊಣ್ಣಪ್ಪ ಇಡೀ ಮೈ ತಿರುಗಿಸಿದ. ಬಗಲಲ್ಲಿ ಫೈಲು ಇಟ್ಟುಕೊಂಡು ರಾಮಯ್ಯ ನಿಂತಿದ್ದರು. ಕಾರ್ಖಾನೆಯ ಇ.ಎಸ್.ಐ. ಕಾಗದಗಳನ್ನು ಒಪ್ಪಿಸುವುದಕ್ಕೆ ಅವರು ಆಗಾಗ ಅಲ್ಲಿಗೆ ಬರುತ್ತಿದ್ದರು. ಮೊದಲಿನಿಂದಲೂ ಅವನ ಪಕ್ಕದಲ್ಲೇ ನಿಂತಿದ್ದರು. ಅವನಿಗೆ ಕಂಡಿರಲಿಲ್ಲ, ಅಷ್ಟೆ.

ಇಬ್ಬರೂ ಹೊರಗೆ ಬಂದರು. ಸೊಣ್ಣಪ್ಪನಿಗೆ ಸೈಕಲ್ಲಿನ ಬೀಗದ ತೂತು ಸಿಗದೆ ಮೂರು ಸಲ ಕೈ ಜಾರಿತು. ರಾಮಯ್ಯ ತಾವೇ ಬೀಗ ತೆಗೆದುಕೊಟ್ಟರು. ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಸ್ವಲ್ಪ ದೂರ ನಡೆದರು.

“ಆ ಸಾಲಿನಲ್ಲಿ ‘ಇಲ್ಲ’ ಅಂತ ಬರೀರಿ. ಅದು ನಿಜಾನೇ,” ಎಂದರು ರಾಮಯ್ಯ. “ಹೋದ ಮಳೆಗಾಲ ಕಾಮಾಲೆ ಬಂದು ಮಲಗಿದ್ರಲ್ಲ, ಆಗ ಕಂಪನಿ ಕೊಟ್ಟ ಕಾಯಿಲೆ ರಜದ ದುಡ್ಡು, ಅದು ಸಂಬಳದಲ್ಲೇ ಸೇರುತ್ತೆ. ಅದಕ್ಕೆ ತೆರಿಗೆ ಉಂಟು, ನಾನೇ ಸೇರಿಸಿದ್ದೀನಿ. ಕಣ್ಣಿಂದು ಬೇರೆ. ಅದು ನನ್ನ ಲೆಕ್ಕಕ್ಕೆ ಬರಲ್ಲ.”

“ಸಾರ್...”

“ಕಾನೂನಲ್ಲಿ ಅಂಗವಿಕಲರಿಗೆ ಒಂದು ರಿಯಾಯಿತೀನೂ ಇದೆ. ಆದ್ರೆ ದುಡಿಯೋ ಶಕ್ತಿ ತುಂಬಾ ಕುಗ್ಗಿದೆ ಅಂತ ಡಾಕ್ಟ್ರ ಸರ್ಟಿಫಿಕೇಟ್ ಕೊಡಬೇಕು. ಒಂದು ಕಣ್ಣಿಗೆ ಅದು ಸಿಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಕೇಳ್ತೀರಾ?”

ಸೊಣ್ಣಪ್ಪ ಬೇಡವೆಂದು ತಲೆ ಆಡಿಸಿದ. ರಾಮಯ್ಯ ನಿಂತರು.

“ನೀವು ಕ್ರೇನ್ ಅಲ್ವಾ?”

“ಊಂ ಸಾರ್.”

ರಾಮಯ್ಯ ಫೈಲನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಆಮೇಲೆ, “ತೆರಿಗೆ ವಿಷಯ ಮುಗೀತು. ಕಣ್ಣಿನ ವಿಷಯ ನಾನಾಗಿ ಯಾರಿಗೂ ಹೇಳೋಕೆ ಹೋಗಲ್ಲ. ಆದ್ರೆ ಹೇಳಬಾರದು ಅಂತಾನೂ ನನಗೆ ಅನ್ನಿಸ್ತಾ ಇಲ್ಲ,” ಎಂದು ಬಸ್ ನಿಲ್ದಾಣದ ಕಡೆಗೆ ಹೊರಟುಹೋದರು.

ಸೋಮವಾರ ಸೊಣ್ಣಪ್ಪ ಐದನೆಯ ಸಾಲಿನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದ. ಭಯ ಹೋಗಲಿಲ್ಲ. ಜಾಗ ಬದಲಾಯಿಸಿತು. ಮೊದಲು ಜೀಪಿನ ಸದ್ದಿಗೆ ಹೆದರುತ್ತಿದ್ದವನು ಈಗ ರಾಮಯ್ಯನವರ ಚಪ್ಪಲಿಯ ಸದ್ದಿಗೆ ಹೆದರತೊಡಗಿದ. ಅವರು ಮ್ಯಾನೇಜರ ಕೋಣೆಗೆ ಹೋಗುವುದು ಕಂಡರೆ ಬೆವರುತ್ತಿದ್ದ. ಅವರು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಅದಕ್ಕಿಂತ ಕೆಟ್ಟದ್ದು ಮತ್ತೊಂದಿತ್ತು. ಆರು ವರ್ಷದಲ್ಲಿ ಅಭ್ಯಾಸವಾಗಿಹೋಗಿದ್ದ ಎಡಗಡೆಯ ಕತ್ತಲು ಈಗ ಪ್ರತಿ ಗಳಿಗೆ ಅವನ ಗಮನಕ್ಕೆ ಬರುತ್ತಿತ್ತು. ಕ್ರೇನ್ ನಡೆಸುವ ಮೊದಲು ಕುತ್ತಿಗೆಯನ್ನು ಎರಡೆರಡು ಸಲ ತಿರುಗಿಸುತ್ತಿದ್ದ. “ಏನ್ ಮಗಾ, ಕುತ್ತಿಗೆ ಉಳುಕೈತಾ?” ಎಂದು ನಲ್ಲಪ್ಪ ತಮಾಷೆ ಮಾಡಿದ.

ಮಾರ್ಚ್ ಎರಡನೆಯ ವಾರದಲ್ಲಿ ಅದು ನಡೆಯಿತು. ಒಂದು ಟನ್ನಿಗೂ ಮೀರಿದ ಗೇರ್‌ಬಾಕ್ಸಿನ ಎರಕವನ್ನು ಲಾರಿಗೆ ಇಡಬೇಕಿತ್ತು. ನಲ್ಲಪ್ಪ ಸರಪಳಿ ಕಟ್ಟಿ, ಕೈ ಎತ್ತಿ, ಬಲಕ್ಕೆ ಸರಿದ. ಸೊಣ್ಣಪ್ಪ ಗುಂಡಿ ಒತ್ತಿದ. ಎರಕ ನೆಲ ಬಿಟ್ಟು ಸೊಂಟದೆತ್ತರಕ್ಕೆ ಬಂತು. ಅವನು ಅದನ್ನು ಎಡಕ್ಕೆ ಸಾಗಿಸಿದ. ಅಷ್ಟರಲ್ಲಿ ನಲ್ಲಪ್ಪ, ಕೆಳಗೆ ಬಿದ್ದಿದ್ದ ಕೊಂಡಿಯನ್ನು ಎತ್ತಿಕೊಳ್ಳಲು, ಸೊಣ್ಣಪ್ಪನ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದು ಬಗ್ಗಿದ್ದ. ಕೂಗು ಕೇಳಿತು. ಸೊಣ್ಣಪ್ಪ ಬೆರಳು ತೆಗೆದ. ಕ್ರೇನ್ ನಿಂತರೂ ಎರಕವು ತೂಗಾಟದ ರಭಸಕ್ಕೆ ಇನ್ನೂ ಒಂದು ಗೇಣು ಮುಂದೆ ಹೋಗಿ, ಕಂಬಕ್ಕೂ ತನಗೂ ನಡುವೆ ನಲ್ಲಪ್ಪನ ಅಂಗಿಯ ತುದಿಯನ್ನು ಕಚ್ಚಿಕೊಂಡಿತು. ನಲ್ಲಪ್ಪ ಪಕ್ಕಕ್ಕೆ ಹಾರಿದ್ದರಿಂದ ಕಚ್ಚಿದ್ದು ಅಂಗಿಯನ್ನು ಮಾತ್ರ.

“ಅಯ್ಯೋ ಗುರು, ಸಾಯಿಸ್ಬುಡ್ತಿದ್ದಲ್ಲೋ!” ಎಂದು ನಲ್ಲಪ್ಪ ನಗುತ್ತ ಹರಿದ ಅಂಗಿ ತೋರಿಸಿದ. “ನಂದೇ ತಪ್ಪು ಬುಡು, ಏಳ್ದಂಗೆ ಬಂದೆ.”

ಸೊಣ್ಣಪ್ಪ ಶಾಪಿನ ಹಿಂದಕ್ಕೆ ಹೋಗಿ ಗೋಡೆಗೊರಗಿ ಕೂತ. ನಲ್ಲಪ್ಪನಿಗೆ ಮೂರು ಹೆಣ್ಣುಮಕ್ಕಳು. ಅವನು ನಕ್ಕದ್ದು, ತನ್ನದೇ ತಪ್ಪು ಎಂದದ್ದು, ಇದನ್ನು ಸೊಣ್ಣಪ್ಪನಿಂದ ತಡೆದುಕೊಳ್ಳಲು ಆಗಲಿಲ್ಲ.

ಮನೆಗೆ ಬಂದವನು ಅಂಗಳದಲ್ಲೇ ಕೂತ. ಅಶ್ವತ್ಥಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಏಳ್ಬುಡ್ತೀನಿ ಕಣೆ.”

ಸೌದೆ ಸೀಳುತ್ತಿದ್ದವಳು ಮಚ್ಚು ಕೆಳಗಿಟ್ಟು ಅವನ ಎಡಗಡೆಗೆ ಬಂದು ಕೂತಳು. ಅವನು ಅವಳನ್ನು ನೋಡಲು ಪೂರ್ತಿ ತಿರುಗಬೇಕಾಯಿತು.

“ಕೆಲ್ಸ ಓದ್ರೆ ನಾನು ಇಟ್ಟಿಗೆಗೂಡಿಗೆ ಓಯ್ತೀನಿ,” ಎಂದಳು. “ಆದ್ರೆ ನಲ್ಲಪ್ಪಣ್ಣನ್ ಎಂಡ್ತಿ ಮೊಕ ನೋಡೋ ಅಂಗೆ ಮಾಡ್ಬ್ಯಾಡಿ.”

ಮರುದಿನ ಬೆಳಿಗ್ಗೆ ಅವನು ಕ್ರೇನಿನ ಕಡೆಗೆ ಹೋಗದೆ ಮ್ಯಾನೇಜರ ಬಾಗಿಲಲ್ಲಿ ನಿಂತ. ಒಳಗೆ ಹೋಗಿ ಮೂರೇ ಮಾತು ಹೇಳಿದ: ಎಡಗಣ್ಣು ಕಾಣುವುದಿಲ್ಲ, ಸೇರುವಾಗ ಮುಚ್ಚಿಟ್ಟೆ, ಇನ್ನು ಕ್ರೇನ್ ಮುಟ್ಟುವುದಿಲ್ಲ. ಹೇಳುವಾಗ ದನಿ ಎಷ್ಟು ಸಣ್ಣಗಿತ್ತೆಂದರೆ ಮ್ಯಾನೇಜರು ಎರಡನೆಯ ಸಲ ಹೇಳಿಸಿದರು. ಆಮೇಲೆ ಅವರ ಮುಖ ಕೆಂಪಾಯಿತು. “ಆರು ವರ್ಷ! ನಿನಗೆ ತಲೆ ಇದೆಯೇನಯ್ಯಾ?” ಎಂದು ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಅಮಾನತಿನ ಕಾಗದ ಕೈಗೆ ಬಂತು.

ಏಳು ವಾರ ವಿಚಾರಣೆ ನಡೆಯಿತು. ಮನೆಯಲ್ಲಿ ಕೂತವನಿಗೆ ಅರ್ಧ ಸಂಬಳ ಬರುತ್ತಿತ್ತು. ಇದಕ್ಕೂ ತೆರಿಗೆ ಇದೆಯೇ ಎಂದು ಅವನು ಗೇಟಿನಲ್ಲಿ ರಾಮಯ್ಯನವರನ್ನು ಕೇಳಿದ. ಕೇಳಲು ಬೇರೆ ಮಾತು ಹೊಳೆಯಲಿಲ್ಲ.

“ಅದು ಸಂಬಳದ ಬದಲಿಗೆ ಕೊಡೋದು, ಹಾಗಾಗಿ ಸಂಬಳಾನೇ,” ಎಂದರು ರಾಮಯ್ಯ. “ಆದ್ರೆ ಈ ವರ್ಷ ನೀವು ಲಿಮಿಟ್ ದಾಟೋ ಹಾಗೆ ಕಾಣಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು: “ನಾನು ಬಾಯಿ ಬಿಟ್ಟಿಲ್ಲ ಸೊಣ್ಣಪ್ಪ. ಆದ್ರೆ ಆ ಎರಕದ ಸುದ್ದಿ ಕೇಳಿದ ದಿನ ನನಗೆ ಊಟ ಸೇರ್ಲಿಲ್ಲ. ಅದಕ್ಕೂ ಮೊದಲೇ ಮ್ಯಾನೇಜರಿಗೆ ಹೇಳಬೇಕಿತ್ತು ನಾನು.” ಅವರೂ ಹೆದರಿದ್ದರು ಎಂಬುದು ಸೊಣ್ಣಪ್ಪನಿಗೆ ಆಗಲೇ ಗೊತ್ತಾದದ್ದು.

ವಿಚಾರಣೆಯಲ್ಲಿ ಯೂನಿಯನ್ನಿನವರು ವಾದಿಸಿದರು. ಆರು ವರ್ಷದಲ್ಲಿ ರಜೆ ಹಾಕದೆ ಒಂದು ಗೈರುಹಾಜರಿ ಇಲ್ಲ, ತಾನೇ ಬಂದು ಹೇಳಿದ್ದಾನೆ ಎಂದರು. ಸುಳ್ಳು ಹೇಳಿ ಸೇರಿದ್ದು ಸುಳ್ಳೇ ಎಂದರು ಮ್ಯಾನೇಜರು. ಕೊನೆಗೆ ಕೆಲಸ ಉಳಿಯಿತು. ಎರಡು ಇನ್‌ಕ್ರಿಮೆಂಟು ಕಡಿತ, ಕೆಳಗಿನ ದರ್ಜೆ, ಓವರ್‌ಟೈಂ ಇಲ್ಲ. ಡ್ರಿಲ್ಲು, ಕಟರುಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಟೂಲ್ ಸ್ಟೋರಿಗೆ ಹಾಕಿದರು. ಮೊದಲ ದಿನ ಸ್ಟೋರಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ, ಅಲ್ಲಿ ತನ್ನ ಎಡಗಡೆ ಬರೀ ಗೋಡೆ ಇರುವುದನ್ನು ನೋಡಿ ಸೊಣ್ಣಪ್ಪ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ.

ಎಲ್ಲರೂ ಬಂದು ಮಾತಾಡಿಸಿದರು. ಕೆಲವರು ಬೈದರು, ಕೆಲವರು ಅಯ್ಯೋ ಪಾಪ ಎಂದರು. ನಲ್ಲಪ್ಪ ಮಾತ್ರ ಬರಲಿಲ್ಲ. ಸುದ್ದಿ ತಿಳಿದ ದಿನ ಅವನು ಸೊಣ್ಣಪ್ಪನ ಮನೆಯ ತನಕ ಬಂದು, ಬೀದಿಯಲ್ಲೇ ನಿಂತು ಒಂದು ಮಾತು ಹೇಳಿ ಹೋಗಿದ್ದ: “ಆರು ವರ್ಷ ನನ್ ತಲೆ ನಿನ್ ಕೈಲಿತ್ತಲ್ಲೋ. ನನಗಾದ್ರೂ ಏಳ್ಬಾರ್ದಾ? ಏಳಿದ್ರೆ ನಾನೇ ನಿನ್ ಕಣ್ಣಾಗಿ ಎಡಗಡೆ ನಿಂತ್ಕೋತಿರ್ಲಿಲ್ವಾ?” ಸರಪಳಿಗೆ ಹೊಸ ಕೊಂಡಿ ಬೇಕಾದಾಗ ನಲ್ಲಪ್ಪ ಬೇರೆ ಯಾರನ್ನಾದರೂ ಸ್ಟೋರಿಗೆ ಕಳಿಸುತ್ತಿದ್ದ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆ ದೀಪಾವಳಿಯ ಮುಂಚಿನ ದಿನ ನಲ್ಲಪ್ಪ ತಾನೇ ಸ್ಟೋರಿನ ಕಿಟಕಿಯ ಮುಂದೆ ಬಂದು ನಿಂತ. ತಲೆಯಲ್ಲಿ ನರೆ ಜಾಸ್ತಿಯಾಗಿತ್ತು.

“ದೊಡ್ಡ ಮಗ್ಳು ಲಗ್ನ,” ಎಂದ. “ಕಾರ್ತೀಕದಾಗೆ. ನೀನೂ ಅಶ್ವತ್ಥಮ್ನೂ ಬರ್ಬೇಕು.”

ಅರಿಸಿನ ಹಚ್ಚಿದ ಕಾಗದವನ್ನು ಕಿಟಕಿಯೊಳಗೆ ಇಟ್ಟ. ಇಟ್ಟಮೇಲೆ ಹೋಗಲಿಲ್ಲ. ಸೊಣ್ಣಪ್ಪ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಬತ್ತೀವಿ ಅಣ್ಣ,” ಎಂದ.

“ಬಂದು ಊಟ ಬಡ್ಸೋಕೆ ನಿಂತ್ಕೋಬೇಕು,” ಎಂದು ನಲ್ಲಪ್ಪ ಒಂದು ಕ್ಷಣ ಅವನ ಮುಖ ನೋಡಿ, ಆಮೇಲೆ ಕ್ರೇನಿನ ಕಡೆಗೆ ನಡೆದ.